ಬಿ.ಕಾಂ. ಮೊದಲ ಸೆಮಿಸ್ಟರ್: ಬಸ್ಸು, ಇಂಗ್ಲಿಷು, ಲೆಕ್ಕ ಮೂರನ್ನೂ ಹೇಗೆ ನಿಭಾಯಿಸುವುದು?

ಪ್ರಶ್ನೆ: ನಮ್ಮದು ಕಾರಟಗಿ ಹತ್ತಿರದ ಹಳ್ಳಿ. ಪಿಯುಸಿ ಕಾಮರ್ಸ್ ಕನ್ನಡ ಮಾಧ್ಯಮದಾಗ ಮುಗಿಸೀನಿ. ಈಗ ಗಂಗಾವತಿಯೊಳಗ ಬಿ.ಕಾಂ. ಮೊದಲ ಸೆಮಿಸ್ಟರ್. ದಿನಾ ಬಸ್ಸಿನಾಗ ಹೋಗಿ ಬರ್ತೀನಿ. ಪಾಠ ಇಂಗ್ಲಿಷಿನಾಗ, ಅರ್ಧ ತಿಳಿಯಂಗಿಲ್ಲ. ಸೀನಿಯರ್ ಅಕ್ಕಂದಿರು "ಮೊದಲನೇ ವರ್ಷ ಆರಾಮ ಇರು, ಪರೀಕ್ಷಾ ಮುಂದ ಗೈಡ್ ಓದಿದ್ರ ಪಾಸ್" ಅಂತಾರ. ಅಪ್ಪ ಮುಂದಿನ ವರ್ಷ ಧಾರವಾಡಕ್ಕ ಕೋಚಿಂಗ್‌ಗೆ ಕಳಸ್ತೀನಿ ಅಂತಾರ. ನಮ್ಮ ಮನ್ಯಾಗ ಕಾಲೇಜು ಮೆಟ್ಟಿಲು ಹತ್ತಿದಾಕಿ ನಾನೇ ಮೊದಲು. ಈ ಮೂರು ವರ್ಷ ಹೆಂಗ ಬಳಸಬೇಕು?

ಉತ್ತರ: ಸೀನಿಯರ್ ಅಕ್ಕಂದಿರು ಕೆಟ್ಟದ್ದು ಬಯಸಿ ಹೇಳಿಲ್ಲ. ಗೈಡ್ ಓದಿ ಪಾಸಾದವರು ಬೇಕಾದಷ್ಟು ಜನ ಇದ್ದಾರೆ. ಆದರೂ ಆ ಮಾತನ್ನು ನೀವು ಕೇಳಬೇಡಿ. ಕಾರಣ ಅಕೌಂಟ್ಸ್. ಜರ್ನಲ್ (ದಿನದ ವ್ಯವಹಾರ ಬರೆಯುವ ಪುಸ್ತಕ), ಲೆಡ್ಜರ್ (ಖಾತೆವಾರು ಪುಸ್ತಕ) ಕೈಗೆ ಹತ್ತದಿದ್ದರೆ ಪಾಲುದಾರಿಕೆ ಲೆಕ್ಕ ಬರುವುದಿಲ್ಲ, ಅದು ಬರದಿದ್ದರೆ ಕಂಪನಿ ಲೆಕ್ಕ ಬರುವುದಿಲ್ಲ. ಅಷ್ಟು ಹೊತ್ತಿಗೆ ಕಾಸ್ಟಿಂಗ್ (ವೆಚ್ಚದ ಲೆಕ್ಕ), ಆದಾಯ ತೆರಿಗೆ ಎರಡೂ ಎದುರಿಗೆ ನಿಂತಿರುತ್ತವೆ. ಮ್ಯಾನೇಜ್‌ಮೆಂಟಿನಂಥ ಓದುವ ವಿಷಯದಲ್ಲಿ ಒಂದು ಸೆಮಿಸ್ಟರ್ ಹಿಂದೆ ಬಿದ್ದರೆ ಮುಂದಿನದರಲ್ಲಿ ಸರಿ ಮಾಡಿಕೊಳ್ಳಬಹುದು. ಲೆಕ್ಕದಲ್ಲಿ ಹಾಗಲ್ಲ, ಕೆಳಗಿನ ಕಲ್ಲು ಅಲುಗಾಡಿದರೆ ಮೇಲಿನದೆಲ್ಲ ಅಲುಗಾಡುತ್ತದೆ. ಮೂರನೇ ವರ್ಷದಲ್ಲಿ "ನನಗ ಅಕೌಂಟ್ಸ್ ಬರಂಗಿಲ್ಲ" ಎಂದು ಅಳುವ ಹುಡುಗಿಯರ ನೋಟ್‌ಬುಕ್ ತೆರೆದು ನೋಡಿ, ಗಂಟು ಬಿದ್ದಿರುವುದು ಮೊದಲ ಸೆಮಿಸ್ಟರಿನಲ್ಲೇ.

ಇನ್ನು ಮೂರು ವರ್ಷ ಎಷ್ಟು ದೊಡ್ಡದು ಎಂಬುದನ್ನೂ ಒಮ್ಮೆ ಎಣಿಸಿ. ಪಂಚಾಂಗದಲ್ಲಿ 156 ವಾರ. ಒಂದು ಸೆಮಿಸ್ಟರಿಗೆ 16 ವಾರ ಪಾಠ ಎಂದು ಹಿಡಿದರೆ ಆರು ಸೆಮಿಸ್ಟರಿಗೆ 96 ವಾರ. ಉಳಿದ 60 ವಾರ ಪರೀಕ್ಷೆ, ರಜೆ, ಫಲಿತಾಂಶದ ಕಾಯುವಿಕೆ. ಪಾಠದ 96 ವಾರ ಕಾಲೇಜಿನ ಕೈಯಲ್ಲಿವೆ, ಆ 60 ವಾರದಲ್ಲಿ ಪರೀಕ್ಷೆಯ ದಿನ ಬಿಟ್ಟು ಉಳಿದದ್ದು ನಿಮ್ಮ ಕೈಯಲ್ಲಿದೆ.

ಈಗ ಇಂಗ್ಲಿಷಿನ ವಿಚಾರಕ್ಕೆ ಬರೋಣ, ನಿಮ್ಮ ನಿಜವಾದ ತೊಡಕು ಅದೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ವಿಷಯ ಗೊತ್ತಿಲ್ಲ ಎಂಬುದು ಸುಳ್ಳು. ಸವಕಳಿ ಎಂದರೇನು ಎಂದು ನಿಮಗೆ ಚೆನ್ನಾಗಿ ಗೊತ್ತು. ಕ್ಲಾಸಿನಲ್ಲಿ "ಡಿಪ್ರಿಸಿಯೇಷನ್" ಎಂಬ ಸದ್ದು ಕಿವಿಗೆ ಬಿದ್ದಾಗ ಅದು ಅದೇ ಸವಕಳಿ ಎಂದು ಹೊಳೆಯಲು ಅರ್ಧ ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಮೇಷ್ಟ್ರು ಎರಡು ವಾಕ್ಯ ಮುಂದೆ ಹೋಗಿರುತ್ತಾರೆ. ಹೀಗೆ ಗಂಟೆಗೆ ಇಪ್ಪತ್ತು ಸಲ ಆದರೆ ಅರ್ಧ ಪಾಠ ಕಳೆದುಹೋಯಿತು. ಆದ್ದರಿಂದ ಈಗಲೇ ಇಂಗ್ಲಿಷ್ ವ್ಯಾಕರಣದ ಪುಸ್ತಕ ಕೊಂಡು ಕೂರಬೇಡಿ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೂ ದುಡ್ಡು ಕಟ್ಟಬೇಡಿ. ಮೊದಲು ಬೇಕಾದದ್ದು ನಿಮ್ಮ ವಿಷಯದ ಪದಗಳು ಮಾತ್ರ.

ಉದ್ದನೆಯ 100 ಪುಟದ ನೋಟ್‌ಬುಕ್ ಒಂದನ್ನು ತೆಗೆದುಕೊಂಡು ಪ್ರತಿ ಪುಟಕ್ಕೆ ಮೂರು ಕಾಲಂ ಗೆರೆ ಹಾಕಿ. ಮೊದಲ ಕಾಲಂನಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಪಿಯುಸಿ ಪುಸ್ತಕದಲ್ಲಿದ್ದ ಕನ್ನಡ ಪದ, ಮೂರನೆಯದರಲ್ಲಿ ಮೇಷ್ಟ್ರು ಅದನ್ನು ಬಳಸಿದ ವಾಕ್ಯ, ಹೇಗೆ ಕೇಳಿತೋ ಹಾಗೆ. ಟ್ರಯಲ್ ಬ್ಯಾಲೆನ್ಸ್ ಎಂದರೆ ತಾಳೆ ಪಟ್ಟಿ, ಕ್ಯಾಪಿಟಲ್ ಎಂದರೆ ಬಂಡವಾಳ, ಪಾರ್ಟ್‌ನರ್‌ಶಿಪ್ ಎಂದರೆ ಪಾಲುದಾರಿಕೆ. ದಿನಕ್ಕೆ ಎಂಟು ಪದ ಸಾಕು. ವಾರಕ್ಕೆ ಐದು ದಿನದಂತೆ 16 ವಾರಕ್ಕೆ 640 ಪದ. ಮೊದಲ ವರ್ಷದ ಕಾಮರ್ಸ್ ಪಾಠಕ್ಕೆ ಇದು ಧಾರಾಳ ಸಾಕು. ಮೂರನೇ ಕಾಲಂ ಬಿಟ್ಟು ಬರೀ ಅರ್ಥ ಬರೆದುಕೊಳ್ಳುವವರು ಪದವನ್ನು ನೋಡಿದರೆ ಗುರುತಿಸುತ್ತಾರೆ, ಉತ್ತರದಲ್ಲಿ ಬಳಸಲು ಬರುವುದಿಲ್ಲ. ಪರೀಕ್ಷೆಯಲ್ಲಿ ಕೈಗೆ ಬರುವುದು ವಾಕ್ಯ.

ಪಾಠ ಕೇಳುವ ಮುಂಚೆ ಆ ಅಧ್ಯಾಯವನ್ನು ಪಿಯುಸಿ ಕನ್ನಡ ಪುಸ್ತಕದಲ್ಲಿ ಹತ್ತು ನಿಮಿಷ ಓದಿಕೊಂಡು ಹೋಗಿ. ಆ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ, ಇನ್ನೊಂದು ವರ್ಷ ಅವೇ ನಿಮ್ಮ ಗೈಡ್. ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶವಿರುವ ಪತ್ರಿಕೆ ಯಾವುದು ಎಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೇಳಿಕೊಳ್ಳಿ. ಅವಕಾಶವಿದ್ದರೆ ನಾಚಿಕೆ ಬೇಡ, ಥಿಯರಿ ಕನ್ನಡದಲ್ಲೇ ಬರೆಯಿರಿ. ಆದರೆ ಪದಗಳ ನೋಟ್‌ಬುಕ್ ನಿಲ್ಲಿಸಬೇಡಿ. ಬ್ಯಾಂಕಿನಲ್ಲಾಗಲಿ ಆಡಿಟರ್ ಕಚೇರಿಯಲ್ಲಾಗಲಿ ಮುಂದೆ ಕಿವಿಗೆ ಬೀಳುವುದು ಈ ಪದಗಳೇ.

ಲೆಕ್ಕಕ್ಕೆ ದಿನಕ್ಕೊಂದು ನಿಯಮ ಮಾಡಿಕೊಳ್ಳಿ: ಕ್ಲಾಸಿನಲ್ಲಿ ಬಿಡಿಸಿದ ಲೆಕ್ಕವನ್ನೇ ಅದೇ ದಿನ, ನೋಟ್ಸ್ ಮುಚ್ಚಿ, ಖಾಲಿ ಹಾಳೆಯ ಮೇಲೆ ಬಿಡಿಸುವುದು. ನಲವತ್ತು ನಿಮಿಷ. ನೋಡಿ ಓದಿದಾಗ ಎಲ್ಲವೂ ತಿಳಿದಂತೆ ಅನಿಸುತ್ತದೆ, ಮುಚ್ಚಿ ಬಿಡಿಸಿದಾಗಲೇ ಎಲ್ಲಿ ಸಿಕ್ಕಿಬಿದ್ದಿದ್ದೀರಿ ಎಂದು ಗೊತ್ತಾಗುವುದು. ಉದಾಹರಣೆಗೆ ಅಕ್ಕಿ ಗಿರಣಿಯೊಂದು 1,00,000 ರೂಪಾಯಿಯ ಯಂತ್ರ ಕೊಂಡಿತು, ಸವಕಳಿ ಶೇ 10 ಎನ್ನಿ. ಸರಳ ರೇಖಾ ಪದ್ಧತಿಯಲ್ಲಿ ವರ್ಷವರ್ಷವೂ 10,000 ಕಳೆದು ಮೂರು ವರ್ಷಕ್ಕೆ ಉಳಿಯುವುದು 70,000. ಇಳಿಕೆ ಮೌಲ್ಯದ ಪದ್ಧತಿಯಲ್ಲಿ 10,000, ಆಮೇಲೆ 9,000, ಆಮೇಲೆ 8,100 ಕಳೆದು ಉಳಿಯುವುದು 72,900. ಈ 2,900ರ ವ್ಯತ್ಯಾಸ ಎಲ್ಲಿಂದ ಬಂತು ಎಂದು ನಿಮ್ಮ ಅವ್ವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಲು ಬಂದರೆ ಅಧ್ಯಾಯ ಮುಗಿದಂತೆ.

ತಾಳೆ ಪಟ್ಟಿಯ ಡೆಬಿಟ್, ಕ್ರೆಡಿಟ್ ಬದಿಗಳು ತಾಳೆಯಾಗದೆ ಇಡೀ ಸಂಜೆ ಹಾಳಾಗುವುದುಂಟು. ಆಗ ಕಣ್ಣು ಮುಚ್ಚಿ ಮೊದಲಿನಿಂದ ಶುರು ಮಾಡಬೇಡಿ. ಎರಡು ಬದಿಯ ವ್ಯತ್ಯಾಸವನ್ನು ಮೊದಲು 2ರಿಂದ ಭಾಗಿಸಿ. ಬಂದ ಮೊತ್ತ ಪಟ್ಟಿಯಲ್ಲಿ ಎಲ್ಲಾದರೂ ಇದ್ದರೆ, ಡೆಬಿಟ್‌ಗೆ ಹೋಗಬೇಕಾದದ್ದು ಕ್ರೆಡಿಟ್‌ಗೆ ಹೋಗಿರುವ ಸಂಭವ ಹೆಚ್ಚು. ಆಗದಿದ್ದರೆ 9ರಿಂದ ಭಾಗಿಸಿ. ಶೇಷವಿಲ್ಲದೆ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು: 540 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90, ಅದು 9ರ ಮಗ್ಗಿಯಲ್ಲಿದೆ. ಇವೆರಡೂ ಅಲ್ಲವಾದರೆ ವ್ಯತ್ಯಾಸದಷ್ಟೇ ಮೊತ್ತದ ಖಾತೆಯನ್ನು ಪೂರ್ತಿ ಬಿಟ್ಟಿದ್ದೀರೇನೋ ಹುಡುಕಿ. ಗೈಡ್‌ಗಳಲ್ಲಿ ಹೆಚ್ಚಾಗಿ ಉತ್ತರ ಇರುತ್ತದೆ, ಹೀಗೆ ತಪ್ಪು ಹುಡುಕುವ ದಾರಿ ಇರುವುದಿಲ್ಲ. ಎಷ್ಟೋ ಗೈಡ್‌ಗಳಲ್ಲಿ ವರ್ಕಿಂಗ್ ನೋಟ್ಸ್ (ಮೊತ್ತ ಹೇಗೆ ಬಂತೆಂದು ತೋರಿಸುವ ಬದಿ ಲೆಕ್ಕ) ಕೂಡ ಬಿಟ್ಟಿರುತ್ತಾರೆ. ಆದರೆ ಮೌಲ್ಯಮಾಪನದಲ್ಲಿ ಅದಕ್ಕೆ ಅಂಕವಿದೆ, ಕೊನೆಯ ಮೊತ್ತ ತಪ್ಪಿದರೂ ನಡುವಿನ ಹಂತ ಸರಿಯಿದ್ದರೆ ಅಂಕ ಸಿಗುತ್ತದೆ.

ಬಸ್ಸಿನ ವಿಷಯ. ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ಖರ್ಚಿಲ್ಲ, ಆದರೆ ಕಾಲೇಜು ಹೊತ್ತಿನ ಬಸ್ಸಿನಲ್ಲಿ ಸೀಟೂ ಇರುವುದಿಲ್ಲ. ನಿಂತುಕೊಂಡು ಪುಸ್ತಕ ಓದುತ್ತೇನೆ ಎಂದು ಯೋಜನೆ ಹಾಕಬೇಡಿ, ಎರಡು ದಿನಕ್ಕೆ ಕೈಬಿಡುತ್ತೀರಿ. ಹಿಂದಿನ ದಿನದ ಎಂಟು ಪದ, ಎಂಟು ವಾಕ್ಯವನ್ನು ನಿಮ್ಮದೇ ಧ್ವನಿಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗುವಾಗ ಕೇಳಿ. ಬರುವಾಗ ಅದೇ ಬಸ್ಸಿನ ಗೆಳತಿಗೆ ಇವತ್ತಿನ ಒಂದು ಪಾಠವನ್ನು ಕನ್ನಡದಲ್ಲಿ ಹೇಳಿ, ನಾಳೆ ಅವಳು ಹೇಳಲಿ. ಮನೆಗೆ ಬಂದ ಮೇಲೆ ರಾತ್ರಿ ತೂಕಡಿಸುತ್ತ ಓದುವುದಕ್ಕಿಂತ ಬೆಳಿಗ್ಗೆ ಐದರಿಂದ ಆರೂವರೆ ಮೇಲು. ಎಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸೀಮೆಯ ಬಿಸಿಲಿಗೆ ಮಧ್ಯಾಹ್ನ ಓದು ಹತ್ತುವುದೇ ಇಲ್ಲ. ಸಮ ಸೆಮಿಸ್ಟರಿನ ತಯಾರಿ ಆ ದಿನಗಳಿಗೇ ಬಂದುಬಿದ್ದರೆ ನಸುಕಿನ ಹೊತ್ತೇ ಗತಿ.

ಹಾಜರಾತಿ ಶೇ 75 ಬೇಕು, ಅದೂ ಒಂದೊಂದು ವಿಷಯಕ್ಕೆ ಬೇರೆ ಬೇರೆ. ವಾರಕ್ಕೆ ನಾಲ್ಕು ಗಂಟೆ ಇರುವ ವಿಷಯಕ್ಕೆ ಸೆಮಿಸ್ಟರಿನಲ್ಲಿ 64 ಕ್ಲಾಸ್, ತಪ್ಪಿಸಬಹುದಾದದ್ದು 16. ಹದಿನಾರು ಬಹಳ ಎನಿಸುತ್ತದೆ. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದಾಗ ಹೊಲದ ಕೆಲಸಕ್ಕೆಂದು ಎರಡು ವಾರ ಮನೆಯಲ್ಲಿ ಉಳಿದರೆ ಎಂಟು ಹೋಯಿತು. ಒಂದು ಮದುವೆ, ಒಂದು ಜಾತ್ರೆ, ನಾಲ್ಕು ದಿನ ಜ್ವರ ಬಂದರೆ ಉಳಿದದ್ದೂ ಹೋಯಿತು. ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ವಿಷಯವಾರು ಗೀಟು ಹಾಕಿ ನೀವೇ ಲೆಕ್ಕ ಇಡಿ. ಮನೆಯವರು ನಾಟಿಗೆ ಕರೆದರೆ ಅಕೌಂಟ್ಸ್ ಪೀರಿಯಡ್ ಕಡಿಮೆ ಇರುವ ದಿನಗಳನ್ನು ಆರಿಸಿ ಒಪ್ಪಿಕೊಳ್ಳಿ.

ಆಂತರಿಕ ಅಂಕಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಸೈನ್‌ಮೆಂಟ್ ಸಮಯಕ್ಕೆ ಕೊಟ್ಟರೆ, ಟೆಸ್ಟ್ ತಪ್ಪಿಸದಿದ್ದರೆ ಬರುವ ಅಂಕಗಳು ಅವು. ಇನ್ನು ದೊಡ್ಡ ಪರೀಕ್ಷೆಗೆ ಗ್ರಂಥಾಲಯದಿಂದ ಹಳೆಯ ಪ್ರಶ್ನೆಪತ್ರಿಕೆ ತೆಗೆಸಿ ಗಡಿಯಾರ ಇಟ್ಟುಕೊಂಡು ಬಿಡಿಸಿ. 80 ಅಂಕಕ್ಕೆ 3 ಗಂಟೆ ಇದ್ದರೆ, ಓದಲು ಮತ್ತು ತಿರುಗಿ ನೋಡಲು 15 ನಿಮಿಷ ತೆಗೆದು ಅಂಕಕ್ಕೆ ಎರಡು ನಿಮಿಷದಂತೆ ಹಂಚಿ. ಹದಿನೈದು ಅಂಕದ ಲೆಕ್ಕ 30 ನಿಮಿಷಕ್ಕೆ ತಾಳೆಯಾಗದಿದ್ದರೆ ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗಿ. ಒಂದೇ ಲೆಕ್ಕಕ್ಕೆ ಗಂಟೆ ಕಳೆದು ಗೊತ್ತಿದ್ದ ಎರಡು ಪ್ರಶ್ನೆ ಬಿಟ್ಟು ಬರುವವರೇ ಹೆಚ್ಚು.

ಈ ತಿಂಗಳೇ ಮುಗಿಸಬೇಕಾದ ಕಾಗದದ ಕೆಲಸ ಮೂರಿವೆ. ಮೊದಲನೆಯದು ಪ್ರವೇಶ, ಪರೀಕ್ಷೆಯ ದಾಖಲೆ ಇಡುವ ರಾಜ್ಯದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರು, ತಂದೆಯ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಅಕ್ಷರಕ್ಕಕ್ಷರ ಹೊಂದುತ್ತವೆಯೇ, ಆರಿಸಿದ ವಿಷಯಗಳು ಸರಿಯಾಗಿವೆಯೇ ನೋಡುವುದು. ಅಲ್ಲಿ ಆದ ತಪ್ಪು ಆರು ಸೆಮಿಸ್ಟರಿನ ಅಂಕಪಟ್ಟಿಗೂ ಹರಿಯುತ್ತದೆ.

ಎರಡನೆಯದು ವಿದ್ಯಾರ್ಥಿವೇತನ. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಈಗಲೇ ಹೊಸದು ಮಾಡಿಸಿ, ಕೊನೆ ದಿನಾಂಕದ ವಾರದಲ್ಲಿ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಅರ್ಜಿ ಮಂಜೂರಾಗಿ, ದುಡ್ಡು ಮಾತ್ರ ಬರದೆ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಬ್ಯಾಂಕ್ ಖಾತೆ. "ಆಧಾರ್ ಲಿಂಕ್ ಆಗೇದ" ಎಂದರೆ ಸಾಲದು. ಸರ್ಕಾರದ ದುಡ್ಡು ಆಧಾರ್ ಸಂಖ್ಯೆ ಹಿಡಿದು ಬರುತ್ತದೆ, ಅದು ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆ) ಮ್ಯಾಪಿಂಗ್‌ನಲ್ಲಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ನಡುವೆ ಬೇರೆ ಕಡೆ ಹೊಸ ಖಾತೆ ತೆರೆದಿದ್ದರೆ ಜೋಡಣೆ ಅಲ್ಲಿಗೆ ಸರಿದಿರಬಹುದು. ಬ್ಯಾಂಕಿನಲ್ಲಿ ನೇರವಾಗಿ ಕೇಳಿ: "ನನ್ನ ಆಧಾರ್‌ನ ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ, ಈ ಖಾತೆ ಚಾಲ್ತಿಯಲ್ಲಿದೆಯಾ?" ವರ್ಷಗಟ್ಟಲೆ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ. ಅರ್ಜಿಯ ಸ್ವೀಕೃತಿ ಸಂಖ್ಯೆಯನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬರೆದಿಡಿ.

ಮೂರನೆಯದು ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇದು ಎಷ್ಟು ದೊಡ್ಡ ಹಕ್ಕು ಎಂದು ಬಹಳ ಜನ ಪದವಿ ಮುಗಿದ ಮೇಲೆ ತಿಳಿದುಕೊಳ್ಳುತ್ತಾರೆ. ಇಲ್ಲಿನ ಪ್ರಾದೇಶಿಕ ವೃಂದದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 80, ಗ್ರೂಪ್ ‘ಬಿ’ಯಲ್ಲಿ ಶೇ 75 ಸ್ಥಳೀಯರಿಗೆ ಮೀಸಲು, ಉನ್ನತ ಶಿಕ್ಷಣದ ಸೀಟುಗಳಲ್ಲೂ ಮೀಸಲಾತಿ ಇದೆ. ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು, ನಿಮಗೆ ಕೊಪ್ಪಳ ಉಪವಿಭಾಗ. ಪಿಯುಸಿ ನಂತರದ ಪ್ರವೇಶಕ್ಕೆಂದು ಈಗಾಗಲೇ ಮಾಡಿಸಿದ್ದರೆ ಒಳ್ಳೆಯದು, ಹೆಸರಿನ ಇನಿಷಿಯಲ್ ಉಳಿದ ದಾಖಲೆಗಳಿಗೆ ಹೊಂದುತ್ತದೆಯೇ ನೋಡಿ ಫೈಲಿನಲ್ಲಿಡಿ. ಮಾಡಿಸಿಲ್ಲವಾದರೆ ಶಾಲಾ ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ಕೂಡಿಸಲು ಶುರು ಮಾಡಿ.

ಇನ್ನು ಕೈಕಸುಬು. ಒಂದನೇ ಸೆಮಿಸ್ಟರ್ ಮುಗಿಯುವ ತನಕ ಹೊರಗಿನ ಯಾವ ಕೋರ್ಸೂ ಬೇಡ. ಆಮೇಲೆ ಎರಡು ಸಾಕು: ಎಕ್ಸೆಲ್ ಮತ್ತು ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ, ಇದೇ ಕ್ರಮದಲ್ಲಿ. ಎಕ್ಸೆಲ್ ಎಂದರೆ ಕೂಡಿಸು, ಕಳೆ ಅಷ್ಟೇ ಅಲ್ಲ. ಸಮ್ಇಫ್, ವಿಲುಕಪ್, ಪಿವಟ್ ಟೇಬಲ್ ಮೂರೂ ಬಂದರೆ ಕಚೇರಿಯ ಮುಕ್ಕಾಲು ಕೆಲಸಕ್ಕೆ ದಾರಿಯಾಯಿತು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಸ್ಪ್ರೆಡ್‌ಶೀಟ್ ಪಾಠಗಳು ಉಚಿತ, ಹಲವು ಕನ್ನಡ ಧ್ವನಿಯಲ್ಲೂ ಇವೆ. ಟ್ಯಾಲಿ ಕಲಿಯಲು ಸಾವಿರಾರು ರೂಪಾಯಿ ಕೊಡುವ ಮುಂಚೆ ಒಂದು ವಿಷಯ ತಿಳಿದಿರಲಿ: ಟ್ಯಾಲಿಪ್ರೈಮ್‌ನ ಎಜುಕೇಷನಲ್ ಮೋಡ್‌ಗೆ ಲೈಸೆನ್ಸ್ ಬೇಕಿಲ್ಲ. ತಿಂಗಳ 1, 2 ಮತ್ತು 31ನೇ ತಾರೀಕಿನ ಎಂಟ್ರಿ ಮಾತ್ರ ತೆಗೆದುಕೊಳ್ಳುತ್ತದೆ, ಕಲಿಕೆಗೆ ಅದು ಅಡ್ಡಿಯಲ್ಲ. ಕಾಲೇಜು ಲ್ಯಾಬಿನಲ್ಲಿ ವಾರಕ್ಕೆ ಎರಡು ಗಂಟೆ ಕೇಳಿ ಪಡೆಯಿರಿ. ಕೈಬರಹದಲ್ಲಿ ಜರ್ನಲ್ ಬರದವರು ಟ್ಯಾಲಿಯಲ್ಲಿ ಎಲ್ಲಿ ಒತ್ತಬೇಕು ಎಂದು ಕಲಿಯುತ್ತಾರೆ, ಯಾಕೆ ಎಂದು ಕಲಿಯುವುದಿಲ್ಲ. ಅದಕ್ಕೇ ಮೊದಲ ಸೆಮಿಸ್ಟರ್ ಮುಗಿಯಲಿ ಎಂದದ್ದು.

ನೀವು ಇರುವ ಜಾಗವೇ ಒಂದು ಕಾಮರ್ಸ್ ಪ್ರಯೋಗಾಲಯ. ಕಾರಟಗಿ, ಗಂಗಾವತಿ, ಆಚೆ ಸಿಂಧನೂರು, ಎಲ್ಲೆಲ್ಲೂ ಅಕ್ಕಿ ಗಿರಣಿ. ರಾಯಚೂರಿನಲ್ಲಿ ಹತ್ತಿ, ಬಳ್ಳಾರಿಯಲ್ಲಿ ಜೀನ್ಸ್. ಕಿರಾಣಿ ಅಂಗಡಿಯಲ್ಲಿ 26 ಕಿಲೋ ಅಕ್ಕಿ ಚೀಲ ನೋಡಿರುತ್ತೀರಿ. ಇದೇನು ವಿಚಿತ್ರ ತೂಕ? 2022ರ ಜುಲೈ 18ರಿಂದ, ಲೇಬಲ್ ಹಚ್ಚಿ ಪ್ಯಾಕ್ ಮಾಡಿದ 25 ಕಿಲೋ ವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು, ಅದಕ್ಕಿಂತ ದೊಡ್ಡ ಚೀಲ ಹೊರಗುಳಿಯಿತು. ಆ ಒಂದು ಕಿಲೋದ ಹಿಂದೆ ಒಂದು ಇಡೀ ತೆರಿಗೆ ಪಾಠವಿದೆ. ಮನೆಗೆ ಬಂದ ಗೊಬ್ಬರದ, ಸಿಮೆಂಟಿನ, ಪಂಪ್‌ಸೆಟ್ಟಿನ ಬಿಲ್ಲುಗಳನ್ನು ಕೂಡಿಸಿಡಿ. ಅವುಗಳ ಮೇಲಿನ ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು: ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29, ಮುಂದಿನ ಹತ್ತು ವ್ಯಾಪಾರಿಯ ಪ್ಯಾನ್. ಬಿಲ್ಲಿನಲ್ಲಿ 36 ಎಂದಿದ್ದರೆ ಮಾಲು ತೆಲಂಗಾಣದ ವ್ಯಾಪಾರಿಯದು, ಆಗ ಸಿಜಿಎಸ್‌ಟಿ (ಕೇಂದ್ರದ್ದು), ಎಸ್‌ಜಿಎಸ್‌ಟಿ (ರಾಜ್ಯದ್ದು) ಎಂದು ಎರಡಾಗಿ ಒಡೆಯದೆ ಐಜಿಎಸ್‌ಟಿ (ಅಂತರರಾಜ್ಯ ವ್ಯಾಪಾರದ್ದು) ಒಂದೇ ಇರಬೇಕು. ಹತ್ತು ಬಿಲ್ಲು ಹೀಗೆ ಓದಿದವರಿಗೆ ನಾಲ್ಕನೇ ಸೆಮಿಸ್ಟರಿನ ಹೊತ್ತಿಗೆ ಜಿಎಸ್‌ಟಿ ಹೆದರಿಸುವುದಿಲ್ಲ.

ಎರಡನೇ ವರ್ಷದ ರಜೆಯಲ್ಲಿ ಒಂದು ತಿಂಗಳು ಗಂಗಾವತಿಯ ಯಾವುದಾದರೂ ಆಡಿಟರ್ ಕಚೇರಿಯಲ್ಲಿ ಅಥವಾ ಗಿರಣಿಯ ಲೆಕ್ಕದ ಕೋಣೆಯಲ್ಲಿ ಕೂರಲು ಅವಕಾಶ ಕೇಳಿ. ಒಬ್ಬರೇ ಹೋಗಿ ಕೇಳುವುದಕ್ಕಿಂತ ಅಕೌಂಟ್ಸ್ ಮೇಷ್ಟ್ರ ಪರಿಚಯದಿಂದ, ಪ್ರಾಂಶುಪಾಲರ ಪತ್ರದೊಡನೆ ಹೋಗಿ, ಮನೆಯವರಿಗೂ ಧೈರ್ಯ. ಸಂಬಳ ಕೇಳಬೇಡಿ, ವೋಚರ್ ಎಂಟ್ರಿ, ಬ್ಯಾಂಕ್ ರಿಕನ್ಸಿಲಿಯೇಷನ್ (ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕಕ್ಕೆ ತಾಳೆ ನೋಡುವುದು), ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ಕ್ಕೆ ಬಿಲ್ ಕೂಡಿಸುವುದು, ಇವನ್ನು ಕಲಿಸಲು ಕೇಳಿ. ಜಿಎಸ್‌ಟಿ ರಿಟರ್ನ್‌ನ 11 ಮತ್ತು 20ನೇ ತಾರೀಕಿನ ಹಿಂದಿನ ದಿನಗಳಲ್ಲಿ ಅಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ, ತಿಂಗಳ ಕೊನೆಯ ವಾರ ಸೇರಿಕೊಳ್ಳುವುದು ಒಳ್ಳೆಯದು. ಅವರ ಲೆಕ್ಕದ ಪುಸ್ತಕದ ಫೋಟೊ ತೆಗೆಯಬೇಡಿ, ಯಾರ ವ್ಯವಹಾರ ಎಷ್ಟು ಎಂದು ಊರಲ್ಲಿ ಹೇಳಬೇಡಿ. ಈ ಕಸುಬಿನಲ್ಲಿ ಬಾಯಿ ಬಿಗಿ ಇದ್ದವರನ್ನೇ ಮತ್ತೆ ಕರೆಯುತ್ತಾರೆ.

ಎನ್‌ಎಸ್‌ಎಸ್, ಎನ್‌ಸಿಸಿ ಎರಡರಲ್ಲಿ ಒಂದನ್ನು ಆರಿಸಿ. ಎನ್‌ಸಿಸಿಯಲ್ಲಿ ‘ಸಿ’ ಸರ್ಟಿಫಿಕೇಟ್ ತನಕ ಮೂರು ವರ್ಷ ಬೇಕು, ಹಾಗಾಗಿ ಮೊದಲ ವರ್ಷವೇ ಸೇರಬೇಕು. ಪರೇಡ್‌ಗೆ ನಿಂತರೆ ಕೊನೆ ಬಸ್ ತಪ್ಪುತ್ತದೆ ಎನ್ನುವುದಾದರೆ ಎನ್‌ಎಸ್‌ಎಸ್ ನಿಮಗೆ ಹೊಂದುತ್ತದೆ: ಎರಡು ವರ್ಷಕ್ಕೆ 240 ಗಂಟೆ, ಒಂದು ಏಳು ದಿನದ ಶಿಬಿರ. ಶಿಬಿರದಲ್ಲಿ ಹತ್ತು ಜನರೆದುರು ಮೈಕ್ ಹಿಡಿದು ಮಾತಾಡಲು ಮೊದಲ ಸಲ ಧೈರ್ಯ ಬಂದ ಹುಡುಗಿಯರು ಬಹಳ.

ಕೊನೆಗೆ ಧಾರವಾಡ. ಮುಂದಿನ ವರ್ಷ ಬೇಡವೇ ಬೇಡ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಬ್ಯಾಂಕು, ಇವೆಲ್ಲಕ್ಕೂ ಪದವಿ ಮುಗಿದಿರಬೇಕು. ಎರಡನೇ ಸೆಮಿಸ್ಟರಿನಲ್ಲಿ ಕೋಚಿಂಗಿನಲ್ಲಿ ಓದಿದ ಪ್ರಚಲಿತ ವಿದ್ಯಮಾನ ಅರ್ಜಿ ಹಾಕುವ ಹೊತ್ತಿಗೆ ಹಳಸಿರುತ್ತದೆ, ಇತ್ತ ಹಾಜರಾತಿಯೂ ಹೋಗಿರುತ್ತದೆ. ಆ ಪರೀಕ್ಷೆಗಳ ಗಣಿತ, ಸಾಮಾನ್ಯ ಜ್ಞಾನದ ಬುಡ 6ರಿಂದ 10ನೇ ತರಗತಿಯ ಪುಸ್ತಕಗಳಲ್ಲಿದೆ. ದಿನಕ್ಕೆ 20 ನಿಮಿಷ ಕನ್ನಡ ದಿನಪತ್ರಿಕೆ, ಭಾನುವಾರ ಎರಡು ಗಂಟೆ ಶಾಲೆಯ ಗಣಿತ, ನಾಲ್ಕನೇ ಸೆಮಿಸ್ಟರ್ ತನಕ ಇಷ್ಟು ಸಾಕು. ಐದನೆಯದರಲ್ಲಿ ಒಂದೇ ಪರೀಕ್ಷೆ ಆರಿಸಿ ಅದರ ಹಳೆ ಪತ್ರಿಕೆ ಬಿಡಿಸಲು ಶುರು ಮಾಡಿ. ಗ್ರಾಮೀಣ ಬ್ಯಾಂಕಿನ ಪರೀಕ್ಷೆ ನಿಮ್ಮಂಥವರಿಗೆ ಹೇಳಿ ಮಾಡಿಸಿದಂತಿದೆ: ಸ್ಥಳೀಯ ಭಾಷೆ ಬರಬೇಕು, ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿಯೂ ಬಳ್ಳಾರಿಯಲ್ಲೇ ಇದೆ. ಲೆಕ್ಕ ನಿಜವಾಗಿ ಹಿಡಿಸಿತು ಎಂದರೆ ಇನ್ನೊಂದು ದಾರಿ ಸಿಎ. ಬಿ.ಕಾಂ.ನಲ್ಲಿ ಶೇ 55 ಇದ್ದರೆ ಫೌಂಡೇಷನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಬರೀ ಪಾಸಾಗುವುದಕ್ಕೂ 55ಕ್ಕೂ ನಡುವಿನ ಅಂತರ ದೊಡ್ಡದು, ಅದನ್ನು ತುಂಬುವುದು ಈ ಸೆಮಿಸ್ಟರಿನಿಂದಲೇ ಶುರುವಾಗಬೇಕು.

ಅಪ್ಪ ಕೋಚಿಂಗ್ ಎನ್ನುವುದು ನೀವು ಹಿಂದೆ ಬೀಳಬಾರದೆಂಬ ಕಾಳಜಿಯಿಂದ. "ಬ್ಯಾಡಪ್ಪ" ಎಂದರೆ ಅವರ ಚಿಂತೆ ಹೋಗುವುದಿಲ್ಲ. ಒಂದು ಹಾಳೆಯಲ್ಲಿ ಆರು ಸೆಮಿಸ್ಟರ್ ಬರೆದು, ಯಾವುದರಲ್ಲಿ ಟ್ಯಾಲಿ, ಯಾವ ರಜೆಯಲ್ಲಿ ಆಡಿಟರ್ ಕಚೇರಿ, ಯಾವಾಗಿನಿಂದ ಬ್ಯಾಂಕ್ ಪರೀಕ್ಷೆಯ ತಯಾರಿ ಎಂದು ಗುರುತು ಹಾಕಿ ಅವರ ಮುಂದಿಡಿ. ಜೊತೆಗೆ ಈ ವಾರ ನೀವೇ ನೋಟ್ಸ್ ಮುಚ್ಚಿ ಬಿಡಿಸಿ ತಾಳೆ ಮಾಡಿದ ಒಂದು ಟ್ರಯಲ್ ಬ್ಯಾಲೆನ್ಸನ್ನೂ ತೋರಿಸಿ.